ಸ್ಕ್ರೀನ್ ರೆಕಾರ್ಡಿಂಗ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಂಪ್ಯೂಟರಿನ ಪರದೆಯ ಮೇಲೆ ನಡೆಯುವುದನ್ನು ದನಿ ಸಮೇತ ವಿಡಿಯೋ ಮಾಡಿಕೊಳ್ಳುವ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ರೆಕಾರ್ಡ್ ಗುಂಡಿ ಎಲ್ಲಿದೆ ಎಂದು ಯಾರೂ ಕೇಳಿಲ್ಲ. ದನಿ ಬರಲಿಲ್ಲ, ಅಕ್ಷರ ಕಾಣಲಿಲ್ಲ, ಫೈಲ್ ತೆರೆಯಲಿಲ್ಲ ಎಂಬುದೇ ಹೆಚ್ಚಿನವರ ಗೋಳು. ಗುಂಡಿ ಒತ್ತುವ ಮೊದಲು ಐದು ನಿಮಿಷ ಕೊಟ್ಟಿದ್ದರೆ ಇವುಗಳಲ್ಲಿ ಮುಕ್ಕಾಲು ಪಾಲು ತಪ್ಪುತ್ತಿತ್ತು.

ಪ್ರಶ್ನೆ: ಮನೆಯಲ್ಲಿ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ನನ್ನದು ವಿಂಡೋಸ್ 10 ಇರುವ, 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. ತಂಗಿಯ ಹತ್ತಿರ ವಿಂಡೋಸ್ 11 ಇರುವ ಹೊಸದಿದೆ. ದುಡ್ಡು ಕೊಡದೆ ಯಾವ ಸಾಫ್ಟ್‌ವೇರ್‌ನಲ್ಲಿ ಪಾಠ ರೆಕಾರ್ಡ್ ಮಾಡಬಹುದು?
— ಓದುಗರು, ಡೊಂಬಿವಿಲಿ

ಉತ್ತರ: ತಂಗಿಯ ಲ್ಯಾಪ್‌ಟಾಪ್ ಸಿಗುವುದಾದರೆ ಮೊದಲ ಪಾಠವನ್ನು ಅದರಲ್ಲೇ ಮಾಡಿ. ವಿಂಡೋಸ್ 11ರ ಜೊತೆಗೇ ಬರುವ ಸ್ನಿಪ್ಪಿಂಗ್ ಟೂಲ್‌ಗೆ 2023ರಲ್ಲಿ ವಿಡಿಯೋ ರೆಕಾರ್ಡಿಂಗ್ ಸೇರಿತು. ವಿಂಡೋಸ್ ಕೀ, ಶಿಫ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿ. ಪರದೆ ಮಬ್ಬಾಗುತ್ತದೆ. ಬೇಕಾದಷ್ಟು ಜಾಗವನ್ನು ಮೌಸ್‌ನಿಂದ ಎಳೆದು ಗುರುತು ಮಾಡಿ, ಮೇಲಿನ ಪಟ್ಟಿಯಲ್ಲಿ ಮೈಕ್ ಚಿತ್ರ ಆನ್ ಆಗಿದೆಯೇ ನೋಡಿ, ಸ್ಟಾರ್ಟ್ ಒತ್ತಿ. ಮೂರು, ಎರಡು, ಒಂದು ಎಂದು ಎಣಿಸಿ ಶುರುವಾಗುತ್ತದೆ. ಒಮ್ಮೆ ಶುರುವಾದ ಮೇಲೆ ಆ ಚೌಕವನ್ನು ಸರಿಸಲು ಬರುವುದಿಲ್ಲ. ಹಾಗಾಗಿ ಪಾಠದ ನಡುವೆ ಬೇರೆ ಕಿಟಕಿ ತೆರೆಯುವುದಿದ್ದರೆ ಪೂರ್ತಿ ಪರದೆಯನ್ನೇ ಗುರುತು ಮಾಡಿಕೊಳ್ಳಿ.

ನಿಮ್ಮ ವಿಂಡೋಸ್ 10ರಲ್ಲಿ ಎಕ್ಸ್‌ಬಾಕ್ಸ್ ಗೇಮ್ ಬಾರ್ ಇರುತ್ತದೆ. ವಿಂಡೋಸ್ ಕೀ ಜೊತೆ ಜಿ ಒತ್ತಿದರೆ ತೆರೆಯುತ್ತದೆ; ವಿಂಡೋಸ್, ಆಲ್ಟ್, ಆರ್ ಒತ್ತಿದರೆ ರೆಕಾರ್ಡಿಂಗ್ ಶುರು, ಮತ್ತೆ ಅದನ್ನೇ ಒತ್ತಿದರೆ ನಿಲುಗಡೆ. ಫೈಲು ವಿಡಿಯೋಸ್ ಫೋಲ್ಡರಿನೊಳಗೆ ಕ್ಯಾಪ್ಚರ್ಸ್ ಎಂಬಲ್ಲಿ ಸಿಗುತ್ತದೆ. ಆದರೆ ಇದು ಆಟಗಳಿಗಾಗಿ ಮಾಡಿದ್ದು, ಒಂದು ಸಲಕ್ಕೆ ಒಂದೇ ಕಿಟಕಿಯನ್ನು ಹಿಡಿಯುತ್ತದೆ. ಪವರ್‌ಪಾಯಿಂಟ್‌ನಲ್ಲಿ ಶುರು ಮಾಡಿ ನಡುವೆ ಎಕ್ಸೆಲ್‌ಗೆ ಹೋದರೆ ಎಕ್ಸೆಲ್ ವಿಡಿಯೋದಲ್ಲಿ ಇರುವುದೇ ಇಲ್ಲ. ಡೆಸ್ಕ್‌ಟಾಪ್ ಮತ್ತು ಫೈಲ್ ಎಕ್ಸ್‌ಪ್ಲೋರರ್ ಮೇಲೆ ಇದು ಕೆಲಸವನ್ನೇ ಮಾಡುವುದಿಲ್ಲ. ಮೈಕ್ ಕೂಡ ಬೇರೆಯಾಗಿ ಆನ್ ಆಗಬೇಕು: ವಿಂಡೋಸ್, ಆಲ್ಟ್, ಎಂ.

ದಿನವೂ ಪಾಠ ಮಾಡುವವರಿಗೆ ನಮ್ಮ ಸಲಹೆ ಒಬಿಎಸ್ ಸ್ಟುಡಿಯೋ. ಉಚಿತ, ಮೂಲ ಕೋಡ್ ಮುಕ್ತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ವಿಡಿಯೋ ಮೇಲೆ ಯಾವ ಮುದ್ರೆಯನ್ನೂ ಒತ್ತುವುದಿಲ್ಲ. ಒಬಿಎಸ್‌ಪ್ರಾಜೆಕ್ಟ್ ಡಾಟ್ ಕಾಮ್ ಎಂಬ ಅದರದೇ ತಾಣದಿಂದ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತನ್ನು ಒತ್ತಬೇಡಿ. ಮೊದಲ ಸಲ ತೆರೆದಾಗ ಏನು ಉಪಯೋಗಕ್ಕೆ ಎಂದು ಕೇಳುತ್ತದೆ. ಲೈವ್ ಬೇಡ, ರೆಕಾರ್ಡಿಂಗ್‌ಗೆ ಎಂಬುದನ್ನು ಆರಿಸಿ. ಕೆಳಗೆ ಸೋರ್ಸಸ್ ಎಂಬ ಖಾಲಿ ಪೆಟ್ಟಿಗೆ ಇದೆ. ಅದರ ಪ್ಲಸ್ ಒತ್ತಿ ಡಿಸ್‌ಪ್ಲೇ ಕ್ಯಾಪ್ಚರ್ ಸೇರಿಸಿದರೆ ನಿಮ್ಮ ಪರದೆ ಒಳಗೆ ಮೂಡುತ್ತದೆ. ಕನ್ನಡಿಯೊಳಗೆ ಕನ್ನಡಿಯ ಹಾಗೆ ಸಾಲುಸಾಲಾಗಿ ಕಂಡರೆ ಗಾಬರಿ ಬೇಡ, ಒಬಿಎಸ್ ತನ್ನನ್ನೇ ತೋರಿಸುತ್ತಿದೆ. ಅದನ್ನು ಮಿನಿಮೈಸ್ ಮಾಡಿದರೆ ಸರಿಹೋಗುತ್ತದೆ.

ಹಳೆಯ ಯಂತ್ರಕ್ಕೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹಳೆಯ ಲ್ಯಾಪ್‌ಟಾಪುಗಳ ಪರದೆ ಸಾಮಾನ್ಯವಾಗಿ 1366×768 ಪಿಕ್ಸೆಲ್, ಅಂದರೆ ಅಡ್ಡಕ್ಕೂ ಉದ್ದಕ್ಕೂ ಅಷ್ಟು ಚುಕ್ಕಿ. ಅದನ್ನು ಒಬಿಎಸ್‌ನಲ್ಲಿ 1280×720ಕ್ಕೆ ಕುಗ್ಗಿಸಿದರೆ ಅಕ್ಷರಗಳ ಅಂಚು ಮಸುಕಾಗುತ್ತದೆ. ಇದಕ್ಕಿಂತ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಪರದೆಯನ್ನೇ 1280×720 ಮಾಡಿಕೊಳ್ಳಿ. ಆಮೇಲೆ ಒಬಿಎಸ್‌ನ ಸೆಟ್ಟಿಂಗ್ಸ್, ವಿಡಿಯೋದಲ್ಲಿ ಬೇಸ್ ಮತ್ತು ಔಟ್‌ಪುಟ್ ಎರಡಕ್ಕೂ ಅದೇ ಅಂಕಿ ಕೊಡಿ. ನಿಮ್ಮ ಕಣ್ಣಿಗೆ ಪರದೆ ಸ್ವಲ್ಪ ಮೃದುವಾಗಿ ಕಂಡರೂ ರೆಕಾರ್ಡ್ ಆಗುವ ಚಿತ್ರ ಚೂಪಾಗಿಯೇ ಇರುತ್ತದೆ, ಅಕ್ಷರಗಳೂ ದೊಡ್ಡದಾಗುತ್ತವೆ. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ, ಸಾಕು. ಗಣಿತದ ಪಾಠಕ್ಕೆ 15 ಇದ್ದರೂ ನಡೆಯುತ್ತದೆ, ಯಂತ್ರದ ಹೊರೆ ಎಷ್ಟೋ ಇಳಿಯುತ್ತದೆ. ಸೆಟ್ಟಿಂಗ್ಸ್, ಔಟ್‌ಪುಟ್‌ನಲ್ಲಿ ಎನ್‌ಕೋಡರ್, ಅಂದರೆ ಚಿತ್ರವನ್ನು ಹಿಂಡಿ ಫೈಲು ಮಾಡುವ ಭಾಗ, ಹಾರ್ಡ್‌ವೇರ್ ಎಂದಿರುವುದು ಸಿಕ್ಕಿದರೆ ಅದನ್ನೇ ಆರಿಸಿ. ಇಂಟೆಲ್ ಇದ್ದರೆ ಕ್ವಿಕ್‌ಸಿಂಕ್ ಎಂದಿರುತ್ತದೆ. ಕೆಳಪಟ್ಟಿಯಲ್ಲಿ 'ಎನ್‌ಕೋಡಿಂಗ್ ಓವರ್‌ಲೋಡೆಡ್' ಎಂದು ಬಂದರೆ ಯಂತ್ರಕ್ಕೆ ಸಾಲುತ್ತಿಲ್ಲ ಎಂದೇ ಅರ್ಥ. ಆ ವಿಡಿಯೋ ತಡವರಿಸುತ್ತದೆ. ಬ್ರೌಸರಿನ ಬೇಡದ ಟ್ಯಾಬ್‌ಗಳನ್ನು ಮುಚ್ಚಿ, ಫ್ರೇಮ್ ಇಳಿಸಿ, ಚಾರ್ಜರ್ ಹಾಕಿಯೇ ಕೂರಿ. ಬ್ಯಾಟರಿಯ ಮೇಲೆ ಇದ್ದಾಗ ವಿಂಡೋಸ್ ಯಂತ್ರದ ವೇಗವನ್ನು ತಾನಾಗಿ ತಗ್ಗಿಸುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರೆಕಾರ್ಡಿಂಗ್‌ಗೆ ಇದರಿಂದ ಅಡ್ಡಿಯಿಲ್ಲ. ಆದರೆ ಆ ಯಂತ್ರದಲ್ಲಿ ಬ್ಯಾಂಕ್ ಕೆಲಸ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಪ್ರಶ್ನೆ: ಎಕ್ಸೆಲ್ ಬಗ್ಗೆ ಇಪ್ಪತ್ತು ನಿಮಿಷದ ವಿಡಿಯೋ ಮಾಡಿದೆ, ದನಿಯೇ ಇಲ್ಲ. ಮತ್ತೆ ಮಾಡಿದೆ, ದನಿ ಬಂತು, ಆದರೆ ಬಾವಿಯೊಳಗಿಂದ ಮಾತಾಡಿದ ಹಾಗಿದೆ. ಹಿಂದೆ ಫ್ಯಾನಿನ ಗುಂಯ್ ಸದ್ದು. ಒಳ್ಳೆಯ ಮೈಕ್ ಯಾವುದು, ಎಷ್ಟು ಖರ್ಚಾಗಬಹುದು?
— ಓದುಗರು, ಹಡಪಸರ, ಪುಣೆ

ಉತ್ತರ: ಮೈಕ್ ಕೊಳ್ಳುವ ಮಾತನ್ನು ಸ್ವಲ್ಪ ಮುಂದಕ್ಕೆ ಹಾಕಿ. ನಿಮ್ಮ ಮೊಬೈಲಿನ ಜೊತೆ ಬಂದ ತಂತಿಯ ಇಯರ್‌ಫೋನ್ ಮೇಜಿನ ಡ್ರಾಯರಿನಲ್ಲಿ ಇದ್ದರೆ ಅದನ್ನು ಹುಡುಕಿ. ಲ್ಯಾಪ್‌ಟಾಪಿನೊಳಗಿನ ಮೈಕ್ ನಿಮ್ಮ ಬಾಯಿಂದ ಎರಡು ಅಡಿ ದೂರದಲ್ಲಿದೆ, ಕೀಬೋರ್ಡಿನ ಟಕಟಕ ಮತ್ತು ಲ್ಯಾಪ್‌ಟಾಪಿನ ಫ್ಯಾನಿಗೆ ತೀರ ಹತ್ತಿರ. ಬಾವಿಯ ಸದ್ದು ಅದರಿಂದಲೇ. ಇಯರ್‌ಫೋನಿನ ಮೈಕನ್ನು ಬಟ್ಟೆಯ ಕ್ಲಿಪ್ಪಿನಿಂದ ಅಂಗಿಗೆ ಸಿಕ್ಕಿಸಿ, ಗದ್ದದಿಂದ ಒಂದು ಗೇಣು ಕೆಳಗೆ. ಕೂದಲು, ಸರ, ಸೆರಗು ತಾಗಬಾರದು. ತಾಗಿದಾಗಲೆಲ್ಲ ಕರಕರ ಸದ್ದು ಬರುತ್ತದೆ.

ಪಿನ್ನನ್ನು ಹತ್ತಿರದಿಂದ ನೋಡಿ. ಅದರ ಮೇಲೆ ಮೂರು ಕಪ್ಪು ಉಂಗುರ ಇದ್ದರೆ ಮೈಕ್ ಮತ್ತು ಇಯರ್‌ಫೋನ್ ಎರಡೂ ಒಂದೇ ಪಿನ್ನಿನಲ್ಲಿವೆ. ಒಂದೇ ತೂತಿನ ಲ್ಯಾಪ್‌ಟಾಪಿಗೆ ಅದು ನೇರ ಹೊಂದುತ್ತದೆ. ಗುಲಾಬಿ ಮತ್ತು ಹಸಿರು ಎರಡು ತೂತಿರುವ ಡೆಸ್ಕ್‌ಟಾಪಿಗೆ ಸಿಕ್ಕಿಸಿದರೆ ಕೇಳಿಸುತ್ತದೆ, ಮೈಕ್ ಮಾತ್ರ ಸತ್ತಂತಿರುತ್ತದೆ. ಅದಕ್ಕೆ ವೈ ಆಕಾರದ ಸ್ಪ್ಲಿಟರ್ ಬೇಕು. ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ, ಮುಂಬಯಿಯವರಿಗಾದರೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿ.

ಬ್ಲೂಟೂತ್ ಇಯರ್‌ಬಡ್ ಬೇಡವೇ ಬೇಡ ಎನ್ನುತ್ತೇವೆ. ಅದರ ಮೈಕ್ ಆನ್ ಆದ ಕೂಡಲೇ ಕಂಪ್ಯೂಟರ್ ಅದನ್ನು ಫೋನ್ ಕರೆಯ ಮಟ್ಟಕ್ಕೆ ಇಳಿಸುತ್ತದೆ. ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ, ಚಿತ್ರಕ್ಕಿಂತ ಒಂದಿಷ್ಟು ತಡವೂ ಆಗುತ್ತದೆ.

ಮೊದಲ ವಿಡಿಯೋದಲ್ಲಿ ದನಿಯೇ ಬರದಿದ್ದಕ್ಕೆ ಎರಡು ಕಾರಣ ಇರಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನ ಪ್ರೈವಸಿ, ಮೈಕ್ರೋಫೋನ್ ಪುಟದಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಅನುಮತಿ ಆಫ್ ಆಗಿರಬಹುದು. ಅಲ್ಲದಿದ್ದರೆ ಒಬಿಎಸ್‌ನ ಆಡಿಯೋ ಸೆಟ್ಟಿಂಗಿನಲ್ಲಿ ಮೈಕ್ ಎದುರು 'ಡಿಫಾಲ್ಟ್' ಎಂದಿದ್ದು, ನಿಮ್ಮದಲ್ಲದ ಯಾವುದೋ ಮೈಕ್ ಹಿಡಿದಿರಬಹುದು. ಅಲ್ಲಿ ನಿಮ್ಮ ಮೈಕಿನ ಹೆಸರನ್ನೇ ಆರಿಸಿ.

ಒಬಿಎಸ್‌ನ ಆಡಿಯೋ ಮಿಕ್ಸರಿನಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿ ಕುಣಿಯುತ್ತದೆ. ಹಳದಿ ಮೈನಸ್ 20ರಿಂದ ಮೈನಸ್ 9 ಡೆಸಿಬೆಲ್‌ವರೆಗೆ. ಸಹಜವಾಗಿ ಮಾತಾಡುವಾಗ ಪಟ್ಟಿಯ ತುದಿ ಹಳದಿಯೊಳಗೆ ಆಡುತ್ತಿರಬೇಕು. ಸೊನ್ನೆಗೆ ತಾಗಿದ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿಯಾಗಿ ಜೋಡಿಸಲಾರದು. ತಗ್ಗಿದ್ದರೆ ಒಂದಿಷ್ಟು ಏರಿಸಬಹುದು. ಹಾಗಾಗಿ ಅನುಮಾನ ಬಂದರೆ ಸ್ವಲ್ಪ ಕಡಿಮೆ ಇರಲಿ.

ಫ್ಯಾನಿನ ಸದ್ದಿಗೆ ಮಿಕ್ಸರಿನಲ್ಲಿ ಮೈಕಿನ ಪಕ್ಕದ ಮೂರು ಚುಕ್ಕಿ ಒತ್ತಿ ಫಿಲ್ಟರ್ಸ್‌ಗೆ ಹೋಗಿ, ನಾಯ್ಸ್ ಸಪ್ರೆಷನ್ ಸೇರಿಸಿ, ಆರ್‌ಎನ್‌ನಾಯ್ಸ್ ಆರಿಸಿ. ಒಂದೇ ಸಮನೆ ಬರುವ ಗುಂಯ್ ಸದ್ದನ್ನು ಅದು ಚೆನ್ನಾಗಿ ಅಳಿಸುತ್ತದೆ. ಕುಕ್ಕರಿನ ಸೀಟಿ, ರಸ್ತೆಯ ಹಾರನ್ನು, ಪಕ್ಕದ ಮನೆಯ ಟಿವಿ ಮಾತುಗಳ ಮುಂದೆ ಅದರ ಆಟ ಅಷ್ಟು ನಡೆಯದು. ಬಾವಿಯ ಸದ್ದು, ಅಂದರೆ ಗೋಡೆಯಿಂದ ಹೊಡೆದು ಬರುವ ಪ್ರತಿಧ್ವನಿ, ಫಿಲ್ಟರಿಗೆ ಬಗ್ಗುವುದೇ ಇಲ್ಲ. ಅದಕ್ಕೆ ಕೋಣೆಯೇ ಮದ್ದು. ಬರಿಗೋಡೆಗೆ ಮುಖಮಾಡಿ ಕೂರಬೇಡಿ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ಕೂರಿ, ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ. ಒಂದು ಕೋಣೆಯ ಮನೆಯಲ್ಲಿ ಹಾಸಿಗೆ ಮಡಚಿ ಗೋಡೆಗೆ ನಿಲ್ಲಿಸಿದರೂ ಬದಲಾವಣೆ ಕಿವಿಗೆ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಇಪ್ಪತ್ತು ಸೆಕೆಂಡ್ ರೆಕಾರ್ಡ್ ಮಾಡಿ, ನಿಲ್ಲಿಸಿ, ಇಯರ್‌ಫೋನ್ ಹಾಕಿ ಕೇಳಿ. ಪ್ರತಿ ಸಲ. ಇಪ್ಪತ್ತು ನಿಮಿಷದ ಪಾಠವನ್ನು ಎರಡು ಸಲ ಹೇಳಿದ ದಣಿವು ನಿಮಗೆ ಈಗಾಗಲೇ ಗೊತ್ತಿದೆ. ಈ ವಿಧಾನ ಸಾಲದು ಎನಿಸಿದಾಗ ಯುಎಸ್‌ಬಿಯ ಕಾಲರ್ ಮೈಕ್ ನೋಡೋಣ.

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ವಿಡಿಯೋ ಸ್ಪಷ್ಟವಾಗಿದೆ. ವಾಟ್ಸಾಪ್ ಗುಂಪಿಗೆ ಹಾಕಿದರೆ ಅಕ್ಷರ ಓದಲಾಗುತ್ತಿಲ್ಲ ಎನ್ನುತ್ತಾರೆ. ಯಾಕೆ?
— ಓದುಗರು, ನಿಗಡಿ

ಉತ್ತರ: ಒಂದು ಅಳತೆಪಟ್ಟಿ ತೆಗೆದುಕೊಳ್ಳಿ. 15.6 ಇಂಚಿನ ಲ್ಯಾಪ್‌ಟಾಪಿನ ಪರದೆಯ ಅಗಲ ಸುಮಾರು 34.5 ಸೆಂಟಿಮೀಟರ್. 6.5 ಇಂಚಿನ ಮೊಬೈಲನ್ನು ಅಡ್ಡ ಹಿಡಿದರೆ ಅದೇ ವಿಡಿಯೋಗೆ ಸಿಗುವ ಅಗಲ 12 ಸೆಂಟಿಮೀಟರ್, ನೆಟ್ಟಗೆ ಹಿಡಿದರೆ ಏಳಕ್ಕೂ ಕಡಿಮೆ. ನಿಮ್ಮಲ್ಲಿ 3 ಮಿಲಿಮೀಟರ್ ಎತ್ತರ ಕಂಡ ಅಕ್ಷರ ಅವರ ಕೈಯಲ್ಲಿ ಒಂದು ಮಿಲಿಮೀಟರ್, ಅಥವಾ ಅದಕ್ಕೂ ಸಣ್ಣದು. ಕನ್ನಡದಲ್ಲಿ ಇದು ಇನ್ನೂ ಕಷ್ಟ. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಕುಗ್ಗಿದಾಗ ಮೊದಲು ಮಾಯವಾಗುವುದು ಇವೇ. 'ಪ'ಕ್ಕೂ 'ಷ'ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಸಣ್ಣ ಗೆರೆ ತಾನೇ?

ಆದ್ದರಿಂದ ರೆಕಾರ್ಡ್ ಮಾಡುವ ಮೊದಲೇ ಎಲ್ಲವನ್ನೂ ದೊಡ್ಡದು ಮಾಡಿ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ 150 ಪರ್ಸೆಂಟ್. ಬ್ರೌಸರಿನಲ್ಲಿ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ 150ರವರೆಗೆ. ಎಕ್ಸೆಲ್‌ನಲ್ಲಿ ಕೆಳಗಿನ ಜೂಮ್ ಪಟ್ಟಿ 160ರ ಆಸುಪಾಸು. ಸ್ಲೈಡಿನಲ್ಲಿ ಕನ್ನಡ ಅಕ್ಷರ 32 ಪಾಯಿಂಟಿಗಿಂತ ಕೆಳಗೆ ಬೇಡ. ಆಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೌಸಿನ ಬಾಣವನ್ನು ಎರಡು ಪಟ್ಟು ದೊಡ್ಡದು ಮಾಡಿ ಹಳದಿ ಬಣ್ಣ ಕೊಡಿ. ಯಾವುದಾದರೂ ಸಣ್ಣ ಗುಂಡಿಯನ್ನು ಹತ್ತಿರದಿಂದ ತೋರಿಸಲು ಮೈಕ್ರೋಸಾಫ್ಟ್‌ನದೇ ಜೂಮ್‌ಇಟ್ ಎಂಬ ಚಿಕ್ಕ ಉಚಿತ ಸಾಧನ ಇದೆ; ಕಂಟ್ರೋಲ್ ಮತ್ತು 1 ಒತ್ತಿದರೆ ಆ ಜಾಗ ಹಿಗ್ಗುತ್ತದೆ, ಕಂಟ್ರೋಲ್ ಮತ್ತು 2 ಒತ್ತಿದರೆ ಪರದೆಯ ಮೇಲೆ ಗೆರೆ ಎಳೆಯಬಹುದು.

ಎರಡನೆಯ ತೊಡಕು ವಾಟ್ಸಾಪ್‌ನದು. ವಿಡಿಯೋ ಎಂದು ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿ ಕಳಿಸಿ, 2 ಜಿಬಿವರೆಗೆ ಇದ್ದಂತೆಯೇ ಹೋಗುತ್ತದೆ. ಗುಂಪಿನವರ ಡೇಟಾ ಉಳಿಸಬೇಕೆಂದರೆ ಯೂಟ್ಯೂಬಿಗೆ 'ಅನ್‌ಲಿಸ್ಟೆಡ್' ಎಂದು ಏರಿಸಿ, ಕೊಂಡಿ ಮಾತ್ರ ಕಳಿಸುವುದು ಹೆಚ್ಚು ಸೌಕರ್ಯ. ಫೋನ್ ನಂಬರಿನಿಂದ ದೃಢೀಕರಿಸದ ಖಾತೆಯಾದರೆ 15 ನಿಮಿಷ ಮೀರಿದ ವಿಡಿಯೋ ಅಲ್ಲಿ ಏರುವುದಿಲ್ಲ.

ಪ್ರಶ್ನೆ: ಒಬಿಎಸ್‌ನಲ್ಲಿ ಡಿಸ್‌ಪ್ಲೇ ಕ್ಯಾಪ್ಚರ್ ಹಾಕಿದರೆ ಬರೀ ಕಪ್ಪು ಪರದೆ. ಬಾಣದ ಗುರುತು ಮಾತ್ರ ಓಡಾಡುತ್ತದೆ.
— ಓದುಗರು, ವಾಸ್ಕೊ

ಉತ್ತರ: ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರಬೇಕು: ಪ್ರೊಸೆಸರಿನೊಳಗಿನದು ಒಂದು, ಎನ್‌ವಿಡಿಯಾ ಅಥವಾ ಎಎಂಡಿಯದು ಇನ್ನೊಂದು. ಪರದೆಯನ್ನು ಒಂದು ಚಿಪ್ ಬಿಡಿಸುತ್ತಿದೆ, ಒಬಿಎಸ್ ಇನ್ನೊಂದರಲ್ಲಿ ಕೂತು ಇಣುಕುತ್ತಿದೆ. ಅದಕ್ಕೇ ಕತ್ತಲೆ. ಎರಡನ್ನೂ ಒಂದೇ ಕಡೆ ಕೂರಿಸಬೇಕು. ವಿಂಡೋಸ್ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಪಟ್ಟಿಗೆ ಒಬಿಎಸ್ ಸೇರಿಸಿ, ಆಪ್ಷನ್ಸ್‌ನಲ್ಲಿ 'ಪವರ್ ಸೇವಿಂಗ್' ಆರಿಸಿ. ಒಬಿಎಸ್ ಮುಚ್ಚಿ ಮತ್ತೆ ತೆರೆಯಿರಿ.

ಬ್ರೌಸರನ್ನು ವಿಂಡೋ ಕ್ಯಾಪ್ಚರ್‌ನಿಂದ ಹಿಡಿದಾಗ ಮಾತ್ರ ಕಪ್ಪಾಗುವುದಾದರೆ ಕಾರಣ ಬೇರೆ. ಆ ಸೋರ್ಸ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಕ್ಯಾಪ್ಚರ್ ಮೆಥಡ್‌ನಲ್ಲಿ ವಿಂಡೋಸ್ 10 ಎಂದಿರುವುದನ್ನು ಆರಿಸಿ. ಓಟಿಟಿ ತಾಣದ ಸಿನಿಮಾ ಮಾತ್ರ ಕಪ್ಪಾಗಿ ಉಳಿದ ಪರದೆ ಸರಿಯಿದ್ದರೆ ನಿಮ್ಮ ಯಂತ್ರದಲ್ಲಿ ದೋಷವಿಲ್ಲ. ನಕಲಾಗದಂತೆ ಹಕ್ಕುದಾರರು ಹಾಕಿದ ಬೀಗ ಅದು, ಅದನ್ನು ಮುರಿಯುವ ದಾರಿ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಒಂದು ಗಂಟೆಯ ರೆಕಾರ್ಡಿಂಗ್ ಮುಗಿಯುವ ಹೊತ್ತಿಗೆ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತು. ಫೈಲಿನ ಗಾತ್ರ 1 ಜಿಬಿ ತೋರಿಸುತ್ತದೆ, ತೆರೆಯುವುದಿಲ್ಲ. ಉಳಿಸಿಕೊಳ್ಳಬಹುದೇ?
— ಓದುಗರು, ಮಾಟುಂಗ

ಉತ್ತರ: ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಅನುಕ್ರಮಣಿಕೆಯನ್ನು ಸಾಮಾನ್ಯವಾಗಿ ಕಟ್ಟಕಡೆಗೆ, ಸ್ಟಾಪ್ ಒತ್ತಿದ ಮೇಲೆ ಬರೆಯಲಾಗುತ್ತದೆ. ಕರೆಂಟ್ ಹೋದದ್ದರಿಂದ ಅದು ಬರೆಯಲ್ಪಡಲೇ ಇಲ್ಲ. ಚಿತ್ರ, ದನಿ ಎಲ್ಲ ಒಳಗಿದೆ, ಪ್ಲೇಯರಿಗೆ ದಾರಿ ಗೊತ್ತಿಲ್ಲ. ಫೈಲನ್ನು ಅಳಿಸಬೇಡಿ, ಒಂದು ಪ್ರತಿ ತೆಗೆದಿಡಿ. ಅನ್‌ಟ್ರಂಕ್ ಎಂಬ ಉಚಿತ ಸಾಧನ ಇದೆ. ಅದೇ ಕಂಪ್ಯೂಟರಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ಒಂದೆರಡು ನಿಮಿಷದ ಬೇರೆ ವಿಡಿಯೋ ಮಾಡಿ ಮಾದರಿಯಾಗಿ ಕೊಟ್ಟರೆ, ಅದನ್ನು ನೋಡಿ ಕೆಟ್ಟ ಫೈಲಿನ ಅನುಕ್ರಮಣಿಕೆ ಕಟ್ಟಲು ಯತ್ನಿಸುತ್ತದೆ. ಪೂರ್ತಿ ಸಿಕ್ಕೀತೆಂಬ ಖಾತ್ರಿಯಿಲ್ಲ, ಆದರೆ ಕೈಚೆಲ್ಲುವ ಮೊದಲು ಮಾಡಿ ನೋಡಬೇಕಾದದ್ದು.

ಮುಂದಕ್ಕೆ ಒಬಿಎಸ್‌ನ ಔಟ್‌ಪುಟ್ ಸೆಟ್ಟಿಂಗಿನಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಕೆವಿ ಇರಲಿ. ನಡುವೆ ಕರೆಂಟ್ ಹೋದರೂ ಅಲ್ಲಿವರೆಗಿನದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್‌ನಿಂದ ಎಂಪಿ4 ಮಾಡಿಕೊಳ್ಳಿ. ಹಾಲನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದ ಹಾಗೆ, ಗುಣಮಟ್ಟ ಏನೂ ಕಳೆಯುವುದಿಲ್ಲ, ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಡಿಸ್ಕಿನಲ್ಲಿ ಅಷ್ಟೇ ಜಾಗ ಮತ್ತೊಮ್ಮೆ ಬೇಕು, ಅಷ್ಟೆ. 2024ರಲ್ಲಿ ಬಂದ ಒಬಿಎಸ್ 30.2ರಿಂದ ಹೈಬ್ರಿಡ್ ಎಂಪಿ4 ಎಂಬ ಆಯ್ಕೆಯೂ ಇದೆ, ಇದೇ ತೊಂದರೆಗೆ ಮಾಡಿದ್ದು.

ಪ್ರಶ್ನೆ: ಇಲ್ಲಿನ ಕನ್ನಡ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ವಿಡಿಯೋದಲ್ಲಿ ಕಲಿಸಬೇಕೆಂದಿದ್ದೇನೆ. ಯಾವ ಕೀ ಒತ್ತುತ್ತೇನೆ ಎಂಬುದು ಪರದೆಯಲ್ಲಿ ಕಾಣುವುದಿಲ್ಲವಲ್ಲ?
— ಓದುಗರು, ಮಡಗಾಂವ್

ಉತ್ತರ: ಮಾಡಲೇಬೇಕಾದ ಕೆಲಸ, ದಯವಿಟ್ಟು ಕೈಬಿಡಬೇಡಿ. ವಿಂಡೋಸ್, ಕಂಟ್ರೋಲ್, ಓ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಮೂಡುತ್ತದೆ. ನೀವು ಕೈಯಡಿಯ ಕೀ ಒತ್ತಿದಾಗ ಅಲ್ಲಿಯೂ ಅದೇ ಕೀ ಬೆಳಗುತ್ತದೆ. ವಿಂಡೋಸ್ ಸೆಟ್ಟಿಂಗಿನ ಭಾಷೆಗಳಲ್ಲಿ ಕನ್ನಡ ಸೇರಿಸಿ, ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಕನ್ನಡಕ್ಕೆ ಬಂದರೆ ಆ ಕೀಬೋರ್ಡಿನ ಮೇಲೂ ಕನ್ನಡ ಅಕ್ಷರಗಳೇ ಕಾಣುತ್ತವೆ. ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಬೋರ್ಡು ಬೇಕಿಲ್ಲ.

ಒಂದು ಎಚ್ಚರ. ಯಾವ ಕೀಲಿ ವಿನ್ಯಾಸ, ಅಂದರೆ ಯಾವ ಅಕ್ಷರ ಯಾವ ಕೀಯಲ್ಲಿ ಎಂಬ ಜೋಡಣೆ, ಕಲಿಸುತ್ತೀರಿ ಎಂದು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ವಿಂಡೋಸ್‌ನೊಳಗಿನ ಇನ್‌ಸ್ಕ್ರಿಪ್ಟ್‌ನಲ್ಲಿ 'ಕನ್ನಡ' ಬರೆಯಲು ಒತ್ತುವ ಇಂಗ್ಲಿಷ್ ಕೀಗಳು ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಆವರಣದ ಕೀ. ನುಡಿ ಎಂಬ ಕನ್ನಡ ತಂತ್ರಾಂಶದ ಕಗಪ ವಿನ್ಯಾಸದಲ್ಲಿ ಅದೇ ಪದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು. ಇನ್‌ಸ್ಕ್ರಿಪ್ಟ್‌ನ ಡಿ, ಕಗಪದ ಎಫ್ ಎರಡೂ ಒತ್ತಕ್ಷರ ಕಟ್ಟುವ ಕೊಂಡಿಯೇ. ಮಕ್ಕಳು ತಪ್ಪುವುದು ಅಲ್ಲೇ. ಆ ಕೀ ಒತ್ತಿ ಒಂದು ಕ್ಷಣ ನಿಲ್ಲಿ, 'ನ್' ಆದದ್ದು ಕಾಣಲಿ, ಆಮೇಲೆ ಮುಂದಿನ 'ನ' ಒತ್ತಿ, ಎರಡೂ ಕೂಡಿ 'ನ್ನ' ಆಗುವುದು ಅವರ ಕಣ್ಣೆದುರೇ ನಡೆಯಲಿ. ನೀವು ಸಲೀಸಾಗಿ ಟೈಪ್ ಮಾಡುವ ವೇಗದ ಮೂರರಲ್ಲಿ ಒಂದು ಪಾಲಿನಲ್ಲಿ ಹೋಗಿ. ಒಂದು ವಿಡಿಯೋ ನಾಲ್ಕೈದು ನಿಮಿಷ ಮೀರದಿರಲಿ. ನುಡಿ ಬಳಸುವುದಾದರೆ ಅದು ಯೂನಿಕೋಡ್‌ನಲ್ಲಿದೆಯೇ ನೋಡಿಕೊಳ್ಳಿ. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಮಕ್ಕಳ ಮೊಬೈಲಿಗೆ ಹೋದಾಗ ಅರ್ಥವಿಲ್ಲದ ಗುರುತುಗಳಾಗುತ್ತದೆ.

ಪ್ರಶ್ನೆ: ನಮ್ಮ ಸಂಘದ ತಾಳಮದ್ದಳೆಯನ್ನು ಜೂಮ್‌ನಲ್ಲಿ ನಡೆಸಿ ರೆಕಾರ್ಡ್ ಮಾಡಿದೆವು. ಭಾಗವತರ ಪದ ಬರುವಾಗ ಶ್ರುತಿ, ಮದ್ದಳೆ ಎರಡೂ ತುಂಡುತುಂಡಾಗಿ ಕೇಳುತ್ತದೆ. ಅರ್ಥಧಾರಿಗಳ ಮಾತು ಸರಿಯಿದೆ.
— ಓದುಗರು, ಕಾಂದಿವಲಿ

ಉತ್ತರ: ಜೂಮ್ ಮಾತನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಗದ್ದಲ ಎಂದು ಅಳಿಸುತ್ತದೆ. ಒಂದೇ ಸಮನೆ ಹೊಮ್ಮುವ ಶ್ರುತಿ ಅದರ ಲೆಕ್ಕದಲ್ಲಿ ಫ್ಯಾನಿನ ಸದ್ದು, ಮದ್ದಳೆಯ ಪೆಟ್ಟು ಬಾಗಿಲು ಬಡಿದ ಸದ್ದು. ಈ ಅಳಿಸುವಿಕೆ ನಡೆಯುವುದು ಕಳಿಸುವವರ ಯಂತ್ರದಲ್ಲಿ. ನೀವು ರೆಕಾರ್ಡ್ ಮಾಡುವ ಕಡೆ ಏನು ತಿರುಗಿಸಿದರೂ ಹೋದದ್ದು ಮರಳುವುದಿಲ್ಲ. ಭಾಗವತರು ಕೂತಿರುವ ಕಡೆಯ ಜೂಮ್‌ನಲ್ಲಿ ಸೆಟ್ಟಿಂಗ್ಸ್, ಆಡಿಯೋಗೆ ಹೋಗಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಆನ್ ಮಾಡಿಸಿ, ಹೈ ಫಿಡೆಲಿಟಿ ಆಯ್ಕೆಯನ್ನೂ ಕೊಡಿ. ಸಭೆ ಶುರುವಾದ ಮೇಲೆ ಮೇಲಿನ ಮೂಲೆಯಲ್ಲಿ ಅದೇ ಹೆಸರಿನ ಗುಂಡಿ ಆನ್ ಎಂದಿರಬೇಕು. ಆಗ ಅವರು ಸ್ಪೀಕರ್ ಬಿಟ್ಟು ಹೆಡ್‌ಫೋನಿನಲ್ಲಿ ಕೇಳಬೇಕು, ಇಲ್ಲವಾದರೆ ಮಾರ್ದನಿ ಬರುತ್ತದೆ. ಅರ್ಥಧಾರಿಗಳಿಗೆ ಇದು ಬೇಡ. ಅವರ ಮನೆಯ ಸದ್ದು ಅಳಿಯುವುದೇ ಒಳ್ಳೆಯದು.

ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ಪ್ರತಿಯೊಬ್ಬರ ದನಿಗೆ ಬೇರೆ ಬೇರೆ ಆಡಿಯೋ ಫೈಲ್ ಮಾಡುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ. ಒಬ್ಬರ ದನಿ ಜೋರು, ಇನ್ನೊಬ್ಬರದು ಕ್ಷೀಣ ಎಂದಾಗ ಬೇರೆಬೇರೆಯಾಗಿ ಸರಿಮಾಡಬಹುದು. ಪ್ರಸಂಗ ಮುಗಿದು ಸಭೆ ಮುಚ್ಚಿದ ಮೇಲೆ ಜೂಮ್ ಫೈಲನ್ನು ಪರಿವರ್ತಿಸುತ್ತದೆ, ಅಷ್ಟರಲ್ಲಿ ಲ್ಯಾಪ್‌ಟಾಪ್ ಮಡಚಬೇಡಿ. ಉಚಿತ ಖಾತೆಯಾದರೆ 40 ನಿಮಿಷಕ್ಕೆ ಸಭೆ ಕಡಿಯುತ್ತದೆ, ಕೂಟಕ್ಕೆ ಅದು ಏನೇನೂ ಸಾಲದು. ಎಲ್ಲ ಕಲಾವಿದರ ಒಪ್ಪಿಗೆಯನ್ನು ಮೊದಲೇ ಕೇಳಿ. ರೆಕಾರ್ಡ್ ಆಗುತ್ತಿದೆ ಎಂದು ಜೂಮ್ ತಿಳಿಸುತ್ತದೆ, ಆದರೆ ಯೂಟ್ಯೂಬಿಗೆ ಹೋಗುತ್ತದೆ ಎಂಬುದನ್ನು ನೀವೇ ಹೇಳಬೇಕು.

ಪ್ರಶ್ನೆ: ಹಿರಿಯ ನಾಗರಿಕರಿಗೆ ರೈಲ್ವೆ ಟಿಕೆಟ್ ಬುಕ್ ಮಾಡುವುದನ್ನು ತೋರಿಸುವ ವಿಡಿಯೋ ಮಾಡಬೇಕು. ಏನು ಎಚ್ಚರ ಬೇಕು?
— ಓದುಗರು, ಠಾಣೆ

ಉತ್ತರ: ಕ್ರೋಮ್‌ನಲ್ಲಿ ಹೊಸ ಪ್ರೊಫೈಲ್ ಮಾಡಿಕೊಂಡು ಅದರಲ್ಲೇ ರೆಕಾರ್ಡ್ ಮಾಡಿ. ನಿಮ್ಮ ಬುಕ್‌ಮಾರ್ಕು, ಹಳೆಯ ಹುಡುಕಾಟ, ಹೆಸರಿನ ಮೊದಲಕ್ಷರ ಹಾಕಿದೊಡನೆ ತಾನಾಗಿ ಮೂಡುವ ವಿಳಾಸ ಮತ್ತು ಫೋನ್ ನಂಬರು ಯಾವುದೂ ಅಲ್ಲಿರುವುದಿಲ್ಲ. ಕಂಪ್ಯೂಟರಿನ ವಾಟ್ಸಾಪ್‌ನಿಂದ ಪೂರ್ತಿ ಹೊರಬನ್ನಿ, ವಿಂಡೋಸ್‌ನ ಡು ನಾಟ್ ಡಿಸ್ಟರ್ಬ್ ಆನ್ ಮಾಡಿ. ಒಟಿಪಿ ಸಂದೇಶ ಮೂಲೆಯಲ್ಲಿ ಮಿಂಚಿ ಹೋಗುವುದು ನಿಮಗೆ ಕಾಣದೆ ಇದ್ದರೂ ವಿಡಿಯೋ ನಿಲ್ಲಿಸಿ ನೋಡುವವರಿಗೆ ಕಾಣುತ್ತದೆ.

ಪ್ರಯಾಣಿಕರ ವಿವರ ತುಂಬುವಾಗ ಕಲ್ಪಿತ ಹೆಸರು ಹಾಕಿ, ಹಣ ಕಟ್ಟುವ ಪುಟ ಬರುವ ಹೊತ್ತಿಗೆ ನಿಲ್ಲಿಸಿಬಿಡಿ. ಮುಂದಿನದನ್ನು ಬಾಯಿಂದ ವಿವರಿಸಿದರೆ ಸಾಕು. ಆಧಾರ್ ತೋರಿಸಲೇಬೇಕಾದ ಪಾಠವಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ. ತಪ್ಪಿ ಏನಾದರೂ ಕಂಡಿದ್ದರೆ ಎಡಿಟ್ ಮಾಡುವಾಗ ಮಸುಕು ಹಾಕಬೇಡಿ, ಗಟ್ಟಿ ಕಪ್ಪು ಪೆಟ್ಟಿಗೆಯನ್ನೇ ಮುಚ್ಚಿ. ತೆಳುವಾಗಿ ಮಸುಕು ಮಾಡಿದ ಅಂಕಿಗಳನ್ನು ಊಹಿಸಿ ಓದಬಹುದು. ಪುಟ ಸರಿಸಿದಾಗ ಅಂಕಿ ಜಾರಿ ಪೆಟ್ಟಿಗೆಯ ಹೊರಗೆ ಬರುವುದೂ ಉಂಟು, ಆ ಜಾಗವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ.

ಪ್ರಶ್ನೆ: ಮ್ಯಾಕ್‌ಬುಕ್‌ನಲ್ಲಿ ಹೇಗೆ?
— ಓದುಗರು, ಕೋಥ್ರುಡ್

ಉತ್ತರ: ಕಮಾಂಡ್, ಶಿಫ್ಟ್, 5. 2018ರ ಮೊಜಾವೆ ಎಂಬ ಮ್ಯಾಕ್ ಆವೃತ್ತಿಯಿಂದ ಈಚಿನ ಎಲ್ಲ ಮ್ಯಾಕ್‌ಗಳಲ್ಲೂ ಇದೆ. ಆಪ್ಷನ್ಸ್‌ನಲ್ಲಿ ಮೈಕ್ ಆರಿಸಿ. ಆರಂಭದಲ್ಲಿ ಅಲ್ಲಿ 'ನನ್' ಎಂದಿರುತ್ತದೆ, ಮೂಕ ವಿಡಿಯೋ ಆಗುವುದು ಅದರಿಂದಲೇ. ಶೋ ಮೌಸ್ ಕ್ಲಿಕ್ಸ್‌ಗೆ ಟಿಕ್ ಹಾಕಿದರೆ ಕ್ಲಿಕ್ ಮಾಡಿದ ಕಡೆ ವೃತ್ತ ಕಾಣುತ್ತದೆ. ನಿಲ್ಲಿಸಲು ಕಮಾಂಡ್, ಕಂಟ್ರೋಲ್, ಎಸ್ಕೇಪ್.

ಪ್ರಶ್ನೆ: ಒಂದು ಗಂಟೆಯ ವಿಡಿಯೋಗೆ ಎಷ್ಟು ಜಾಗ ಬೇಕು? ದೊಡ್ಡ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಜಾಗವಿದ್ದರೂ ಇಲ್ಲ ಎನ್ನುತ್ತದೆ.
— ಓದುಗರು, ಪೋಂಡಾ

ಉತ್ತರ: ವಿಡಿಯೋದ ಬಿಟ್‌ರೇಟ್ ಸೆಕೆಂಡಿಗೆ 2500 ಕಿಲೋಬಿಟ್ ಎಂದಿಟ್ಟುಕೊಳ್ಳಿ, ಪಾಠಕ್ಕೆ ಅದು ಧಾರಾಳ. ಎಂಟು ಬಿಟ್ ಒಂದು ಬೈಟ್, ಆದ್ದರಿಂದ ಎಂಟರಿಂದ ಭಾಗಿಸಿ ಅರವತ್ತರಿಂದ ಗುಣಿಸಿದರೆ ನಿಮಿಷಕ್ಕೆ 18,750 ಕೆಬಿ, ಅಂದರೆ 18.75 ಎಂಬಿ, ದನಿ ಸೇರಿ 20. ಗಂಟೆಗೆ 1.2 ಜಿಬಿ. ಪೆನ್‌ಡ್ರೈವ್ ಫೈಲು ಜೋಡಿಸಿಡುವ ರೀತಿ ಫ್ಯಾಟ್32 ಎಂಬ ಹಳೆಯ ವಿಧದ್ದಾದರೆ 64 ಜಿಬಿ ಖಾಲಿಯಿದ್ದರೂ 4 ಜಿಬಿ ಮೀರಿದ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ. ಒಳಗಿರುವುದನ್ನು ಬೇರೆ ಕಡೆ ನಕಲಿಸಿ, ಪೆನ್‌ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ, ಫಾರ್ಮ್ಯಾಟ್‌ನಲ್ಲಿ ಎಕ್ಸ್‌ಫ್ಯಾಟ್ ಆರಿಸಿ. ಫಾರ್ಮ್ಯಾಟ್ ಆದರೆ ಒಳಗಿರುವುದೆಲ್ಲ ಅಳಿಯುತ್ತದೆ, ಆದ್ದರಿಂದ ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿಯೇ ಒತ್ತಿ.